ಗಂಜಿ ಕುಡಿದ ಸೀರೆ

ರಬಕವಿ,
ಸೀಗಿ ಹುಣ್ಣಿಮೆಯ ಮರುದಿನ

ಮಗಳ, ದಿನಾ ವಾಟ್ಸಾಪಿನಲ್ಲಿ ಮುಖ ನೋಡುವವರಿಗೆ ಪತ್ರ ಯಾಕೆ ಅಂತ ನಗಬೇಡ. ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಕೇಳಿದ ಮಾತಿಗೆ ನಿಂತ ಕಾಲ ಮೇಲೆ ಉತ್ತರ ಕೊಡಲು ನನಗಾಗಲಿಲ್ಲ. ಮೂವತ್ತು ವರ್ಷ ಕಾಲೇಜಿನ ಗ್ರಂಥಪಾಲನಾಗಿ ಕೂತವನು ನಾನು. ಪೆನ್ನು ಹಿಡಿದರೇ ತಲೆ ಓಡುವುದು.

"ದೊಡ್ಡಪ್ಪಾ, ಪೇಪರಿನ ಕೊನೀಗೆ ಎಂಟು ರೆಫರೆನ್ಸ್ ಸೇರಿಸು ಅಂದಾರ ಸರ್. ಎಂಟೂ ಅವರವೇ. ನಾ ಒಂದೂ ಓದಿಲ್ಲ. ಹಾಕಲೇನು, ಬಿಡಲೇನು?" ಅಂದೆ. ಅದರ ಬೆನ್ನಿಗೇ, ಯಾವುದೋ ಗುಂಪಿನವರು "ನೀವು ನಮ್ಮನ್ನು ಸೈಟ್ ಮಾಡಿರಿ, ನಾವು ನಿಮ್ಮನ್ನು ಮಾಡುತ್ತೇವೆ" ಅಂತ ಮೆಸೇಜು ಕಳಿಸಿದ್ದನ್ನೂ ಹೇಳಿದೆ. ನಿನ್ನ ದನಿ ಸಣ್ಣದಾಗಿತ್ತು. ನಾನು "ನಾಳೆ ಮಾತಾಡೋಣ" ಅಂದುಬಿಟ್ಟೆ.

ಆ ನಾಳೆ ಅಂದರೆ ನಿನ್ನೆ, ನಿನ್ನ ಸೋದರಮಾವನ ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದೆವು. ಮುಧೋಳ ಕಡೆಯ ಬೆಳಗಲಿಯ ದಾರಿಯಲ್ಲಿರುವ ಅದೇ ಹೊಲ. ನಿನ್ನ ದೊಡ್ಡಮ್ಮ ಮಾಡಿದ ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿ, ಪುಂಡಿಪಲ್ಲೆ ಎಲ್ಲ ಇತ್ತು. ಉಂಡು ಕೈ ತೊಳೆಯುವಾಗ ನಿನ್ನ ಮಾಮಾ ನನ್ನನ್ನು ಕೆಳಗಿನ ಪಟ್ಟಿಗೆ ಕರೆದೊಯ್ದ. ಕಬ್ಬು ಅಲ್ಲಿ ಮೊಣಕಾಲಿಗೆ ನಿಂತುಬಿಟ್ಟಿದೆ. ನೆಲದ ಮೇಲೆ ಬೆಳ್ಳಗೆ ಉಪ್ಪು ಒಡೆದಿದೆ. "ನಮ್ಮ ಹುಡುಗಿ ಇದರ ಮ್ಯಾಲೇ ಓದಾಕತ್ತಾಳಂತಲ್ಲ, ಆಕಿಗೆ ಕೇಳ್ರಿ, ಇದು ಸುಧಾರಸತದೋ ಇಲ್ಲೋ" ಅಂದ. ನಿನ್ನ ಪೇಪರಿಗೆ ಮೊದಲ ಓದುಗ ಅವನೇ ಅಂತ ತಿಳಿ. ಪೇಪರು, ಸೈಟೇಶನ್ ಎಣಿಸುವ ಸ್ಕೋಪಸ್ ಅಂದರೇನು ಅವನಿಗೆ ಗೊತ್ತಿಲ್ಲ. ಸವಳು ಅಂದರೇನು ಅಂತ ಮಾತ್ರ ನಿನಗಿಂತ ಚೆನ್ನಾಗಿ ಗೊತ್ತು.

ಈಗ ನಿನ್ನ ಪ್ರಶ್ನೆ. ನಿನ್ನ ಅಜ್ಜನ ಮಗ್ಗದಿಂದ ಶುರು ಮಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಹಾಸಿನ ಎಳೆಗೆ ಗಂಜಿ ಹಚ್ಚದೆ ಸೀರೆ ನೇಯಲು ಬರುವುದಿಲ್ಲ. ಲಾಳಿ ಓಡಾಡುವ ಉಜ್ಜಿಗೆ ಎಳೆ ಕಡಿದು ಹೋಗುತ್ತದೆ. ಅಷ್ಟು ಗಂಜಿ ನ್ಯಾಯದ ಗಂಜಿ. ಆದರೆ ನೇಯ್ದು ಮುಗಿದ ಮೇಲೂ ಸೀರೆಗೆ ಗಂಜಿ ಕುಡಿಸುವವರು ಇದ್ದರು. ಅಂಗಡಿಯಲ್ಲಿ ಕೈಗೆತ್ತಿಕೊಂಡರೆ ಗಟ್ಟಿ, ದಪ್ಪ, ತೂಕ. ಮೊದಲ ಒಗೆತಕ್ಕೆ ಜಾಳುಜಾಳು. ಅಪ್ಪ ಅಂಥ ಸೀರೆಯನ್ನು ಬೆರಳಲ್ಲಿ ಉಜ್ಜಿ ನೋಡಿ, ಏನೂ ಹೇಳದೆ, ಬೆರಳನ್ನು ಧೋತರಕ್ಕೆ ಒರೆಸಿಕೊಳ್ಳುತ್ತಿದ್ದ. ಸಂಶೋಧಕರು ತಮ್ಮ ಹಿಂದಿನ ಕೆಲಸವನ್ನು ತಾವೇ ಉಲ್ಲೇಖಿಸುವುದು ಹಾಸಿನ ಗಂಜಿ ಇದ್ದಂತೆ. ಹಿಂದಿನ ವರ್ಷ ಮಣ್ಣಿನ ಮಾದರಿ ಹೇಗೆ ತೆಗೆದೆ ಅಂತ ಈ ವರ್ಷ ಹೇಳಲೇಬೇಕಲ್ಲ. ಲೆಕ್ಕ ಕೆಡುವುದು ನೇಯ್ದ ಮೇಲಿನ ಗಂಜಿಯಿಂದ.

ಯಾರು ಯಾರನ್ನು ಉಲ್ಲೇಖಿಸಿದರು ಅನ್ನುವ ಈ ಸೈಟೇಶನ್ ಲೆಕ್ಕ ಹುಟ್ಟಿದ್ದು ನಮ್ಮವರಿಂದಲೇ, ಅಂದರೆ ಗ್ರಂಥಾಲಯದ ಕಡೆಯವರಿಂದ. ಅಮೆರಿಕದ ಯುಜೀನ್ ಗಾರ್ಫೀಲ್ಡ್ 1955ರಲ್ಲಿ ಇದರ ಕಲ್ಪನೆ ಬರೆದ. 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರಬಂತು. ಅವನಿಗೆ ದಾರಿ ತೋರಿಸಿದ್ದು ವಕೀಲರ ಪುಸ್ತಕ. ಒಂದು ತೀರ್ಪನ್ನು ಮುಂದಿನ ಯಾವ ಯಾವ ತೀರ್ಪುಗಳು ಎತ್ತಿ ಹಿಡಿದವು, ಯಾವುವು ತಳ್ಳಿಹಾಕಿದವು ಅಂತ ಪಟ್ಟಿ ಕೊಡುವ ಶೆಪರ್ಡ್ಸ್ ಸೈಟೇಶನ್ಸ್ ಅಲ್ಲಿ 1873ರಿಂದ ಇತ್ತು. ಗಾರ್ಫೀಲ್ಡ್‌ನ ಮೊದಲ ಉದ್ದೇಶ ಓದುಗನಿಗೆ ದಾರಿ ತೋರಿಸುವುದು. ಈ ಪೇಪರು ಓದಿದೆಯಾ, ಇದರ ಮೇಲೆ ಮುಂದೆ ಯಾರು ಕೆಲಸ ಮಾಡಿದರು ನೋಡು ಅಂತ. ಧಾರವಾಡದಲ್ಲಿ ನಾನು ಗ್ರಂಥಾಲಯ ವಿಜ್ಞಾನ ಓದುವಾಗ ಆ ದಪ್ಪ ಸಂಪುಟಗಳ ಸಣ್ಣ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ನೋಡಿ ಬೆರಗಾಗಿದ್ದೆ. ಒಂದೊಂದು ಸಾಲೂ ಒಬ್ಬ ಮನುಷ್ಯ ಇನ್ನೊಬ್ಬನನ್ನು ಓದಿದ ಸಾಕ್ಷಿ ಅನಿಸಿತ್ತು.

ಆ "ಸಾಕ್ಷಿ" ಅನ್ನುವ ಶಬ್ದ ನೆನಪಿಡು, ಮತ್ತೆ ಬರುತ್ತೇನೆ.

2005ರಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೊರ್ಹೆ ಹಿರ್ಷ್ ಎಚ್-ಇಂಡೆಕ್ಸ್ ತಂದ. ಹತ್ತು ಪೇಪರುಗಳಿಗೆ ತಲಾ ಹತ್ತಾದರೂ ಸೈಟೇಶನ್ ಇದ್ದರೆ ನಿನ್ನ ಎಚ್ ಹತ್ತು. ಒಂದೇ ಅಂಕಿಯಲ್ಲಿ ಮನುಷ್ಯನ ಜೀವಮಾನ! ಆಡಳಿತದವರಿಗೆ ಇದಕ್ಕಿಂತ ಸುಖ ಬೇರೆ ಏನು ಬೇಕು? ಓದುವ ಕೆಲಸವೇ ತಪ್ಪಿತು. 2020ರ ಹೊತ್ತಿಗೆ ಹಿರ್ಷ್ ತಾನೇ, ಇದರಿಂದ ತಾನು ಎಣಿಸದ ಕೆಡುಕೂ ಆಗಿದೆ ಅಂತ ಬರೆದ. ನಮ್ಮ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯ ಸಂಪಾದಕರಾಗಿದ್ದ ಪಿ. ಬಲರಾಂ ಅವರು ಇಂಪ್ಯಾಕ್ಟ್ ಫ್ಯಾಕ್ಟರ್, ಎಚ್-ಇಂಡೆಕ್ಸ್‌ಗಳ ಹುಚ್ಚಿನ ಬಗ್ಗೆ ಅದಕ್ಕೂ ಎಷ್ಟೋ ಮುಂಚೆ ಸಂಪಾದಕೀಯ ಬರೆದಿದ್ದರು. ಆ ಸಂಚಿಕೆಗಳನ್ನು ನಾನು ರೀಡಿಂಗ್ ರೂಮಿನ ಮೇಜಿನ ಮೇಲೆ ಇಡುತ್ತಿದ್ದೆ. ಮಡಿಕೆ ಬಿಚ್ಚಿದವರು ಕಡಿಮೆ.

ಅಂಕಿ ಎಲ್ಲ ಸುಳ್ಳು ಅಂತ ನಾನು ಹೇಳುವುದಿಲ್ಲ. ಸಿ.ಎನ್.ಆರ್. ರಾವ್ ಅವರ ಎಚ್-ಇಂಡೆಕ್ಸ್ ನೂರು ಮುಟ್ಟಿತು ಅಂತ 2013ರಲ್ಲಿ ಪೇಪರಿನಲ್ಲಿ ಬಂತು. ಬಸವನಗುಡಿಯಲ್ಲಿ ಹುಟ್ಟಿದ ಆ ಮನುಷ್ಯ 1,500ಕ್ಕೂ ಹೆಚ್ಚು ಪೇಪರು ಬರೆದಿದ್ದಾರೆ. ಅಲ್ಲಿ ಕೆಲಸದ ಬೆನ್ನಿಗೆ ಅಂಕಿ ಬಂತು. ಅಂಕಿಯನ್ನು ಮುಂದಿಟ್ಟುಕೊಂಡು ಬೆನ್ನಟ್ಟುವವರದು ಬೇರೆ ಕತೆ.

ಆ ಕತೆ ಎಷ್ಟು ಸಸ್ತಾ ಆಗಿದೆ ಕೇಳು. 2010ರಲ್ಲಿ ಫ್ರಾನ್ಸಿನ ಸಿರಿಲ್ ಲಾಬೆ ಎಂಬ ಕಂಪ್ಯೂಟರ್ ವಿಜ್ಞಾನಿ, ಐಕ್ ಆಂಟ್‌ಕೇರ್ ಎಂಬ ಇಲ್ಲದ ಮನುಷ್ಯನನ್ನು ಹುಟ್ಟಿಸಿದ. ಯಂತ್ರದಿಂದ ಅರ್ಥವಿಲ್ಲದ ನೂರು ಪೇಪರು ಬರೆಸಿ, ಒಂದು ಇನ್ನೊಂದನ್ನು ಉಲ್ಲೇಖಿಸುವಂತೆ ಮಾಡಿದ. ಗೂಗಲ್ ಸ್ಕಾಲರ್ ಅವನಿಗೆ 94ರ ಎಚ್-ಇಂಡೆಕ್ಸ್ ಕೊಟ್ಟಿತು. 2024ರಲ್ಲಿ ಅಮೆರಿಕದ ರೀಸ್ ರಿಚರ್ಡ್‌ಸನ್ ಮತ್ತು ಇಂಗ್ಲೆಂಡಿನ ನಿಕ್ ವೈಸ್ ಸೇರಿ ಇದೇ ಆಟವನ್ನು ಲ್ಯಾರಿ ಎಂಬ ಬೆಕ್ಕಿನ ಹೆಸರಿನಲ್ಲಿ ಆಡಿ ತೋರಿಸಿದರು. ರಿಚರ್ಡ್‌ಸನ್‌ನ ಅಜ್ಜಿ ಸಾಕಿದ ಬೆಕ್ಕು ಅದು. ಹನ್ನೆರಡು ಪೇಪರು, 132 ಸೈಟೇಶನ್, ಎಚ್-ಇಂಡೆಕ್ಸ್ 11. ಅದಕ್ಕೂ ಮೊದಲು ಹೆಚ್ಚು ಸೈಟೇಶನ್ ಪಡೆದ ಬೆಕ್ಕು ಎಂಬ ದಾಖಲೆ ಇನ್ನೊಂದು ಬೆಕ್ಕಿನ ಹೆಸರಿನಲ್ಲಿತ್ತು. 1975ರಲ್ಲಿ ಜ್ಯಾಕ್ ಹೆದರಿಂಗ್ಟನ್ ಎಂಬ ಭೌತವಿಜ್ಞಾನಿ, ಒಬ್ಬನೇ ಬರೆದ ಪೇಪರಿನ ತುಂಬ "ನಾವು" ಅಂತ ಟೈಪು ಮಾಡಿಬಿಟ್ಟಿದ್ದ. ಮತ್ತೆ ಟೈಪು ಮಾಡುವ ಬೇಸರಕ್ಕೆ ಮನೆಯ ಬೆಕ್ಕನ್ನು ಸಹಲೇಖಕನನ್ನಾಗಿ ಸೇರಿಸಿದ. ಆ ಕಳ್ಳತನ ನನಗೆ ಪ್ರೀತಿಯದು, ಟೈಪ್‌ರೈಟರ್ ಬಡಿದವನಿಗೆ ಅದರ ಕಷ್ಟ ಗೊತ್ತು.

ಲ್ಯಾರಿಯ ಕತೆ ಮಾತ್ರ ಬರಿ ತಮಾಷೆಯಲ್ಲ. ಹೀಗೆ ಸೈಟೇಶನ್ ಹೆಚ್ಚಿಸಿಕೊಡುತ್ತೇವೆ ಅಂತ ಕಾಸು ಕೇಳುವ ಜಾಹೀರಾತು ಇದ್ದದ್ದರಿಂದಲೇ ಅವರು ಅದನ್ನು ಮಾಡಿ ತೋರಿಸಿದ್ದು. ಅದೇ ವರ್ಷ ಅಬುಧಾಬಿಯ ಸಂಶೋಧಕರು ಇಲ್ಲದ ಲೇಖಕನ ಹೆಸರಿಗೆ 300 ಡಾಲರಿಗೆ 50 ಸೈಟೇಶನ್ ಕೊಂಡು ತಂದರು. ಇನ್ನೂ ಚತುರರು ಪೇಪರಿನಲ್ಲಿ ಕಾಣಿಸದ ಉಲ್ಲೇಖಗಳನ್ನು ಅದರ ಬೆನ್ನಿನ ಕಂಪ್ಯೂಟರ್ ದಾಖಲೆಯಲ್ಲಿ ತುರುಕುತ್ತಾರೆ. ಓದುವವನ ಕಣ್ಣಿಗೆ ಬೀಳುವುದಿಲ್ಲ, ಎಣಿಸುವ ಯಂತ್ರಕ್ಕೆ ಸಿಗುತ್ತದೆ.

ದೂರದ ಮಾತು ಬಿಡು. 2019ರಲ್ಲಿ 'ನೇಚರ್' ಪತ್ರಿಕೆ, ಸ್ಟ್ಯಾನ್‌ಫೋರ್ಡ್‌ನ ಜಾನ್ ಅಯೊನಿಡಿಸ್ ತಂಡದ ಲೆಕ್ಕ ಹಿಡಿದು ಒಂದು ವರದಿ ಬರೆಯಿತು. ಚೆನ್ನೈನ ಒಬ್ಬ ಕಂಪ್ಯೂಟರ್ ವಿಜ್ಞಾನಿಗೆ 2017ರವರೆಗೆ ಬಂದ ಸೈಟೇಶನ್‌ಗಳಲ್ಲಿ ಶೇ 94 ಅವರವು ಅಥವಾ ಅವರ ಸಹಲೇಖಕರವು. ಅರ್ಧಕ್ಕಿಂತ ಹೆಚ್ಚು ಇಂಥ ಮನೆಯ ಸೈಟೇಶನ್ ಇದ್ದವರು ಜಗತ್ತಿನಲ್ಲಿ 250 ಮಂದಿಯಾದರೂ ಸಿಕ್ಕರು. 2023ರ ಜೂನಿನಲ್ಲಿ 'ಸೈನ್ಸ್' ಪತ್ರಿಕೆ ಚೆನ್ನೈನ ಸವೀತಾ ದಂತ ವೈದ್ಯಕೀಯ ಕಾಲೇಜಿನ ಬಗ್ಗೆ ಬರೆಯಿತು. ಪದವಿ ವಿದ್ಯಾರ್ಥಿಗಳಿಂದ ನಾಲ್ಕು ಗಂಟೆಯ ಪರೀಕ್ಷೆಯಲ್ಲಿ 1,500 ಪದಗಳ ಲೇಖನ ಬರೆಸಿ, ಅವುಗಳಲ್ಲಿ ಕಾಲೇಜಿನದೇ ಪೇಪರುಗಳ ಉಲ್ಲೇಖ ತುಂಬಿ ಪ್ರಕಟಿಸುತ್ತಿದ್ದರು ಎಂಬುದು ಆ ವರದಿಯ ಸಾರ. ಅದನ್ನು ಓದುವಾಗ ನಿನಗಿಂತ ಚಿಕ್ಕ ಹುಡುಗರ ಮುಖಗಳೇ ನನ್ನ ಕಣ್ಣ ಮುಂದೆ ಬಂದವು.

ಇಷ್ಟೆಲ್ಲ ಯಾಕೆ ಬೆಳೆಯಿತು ಅಂದರೆ, ನಮ್ಮ ಕಡೆಯ ಕಬ್ಬಿನ ರೈತನಿಗೆ ಕೇಳು, ಹೇಳುತ್ತಾನೆ. ಕೇಂದ್ರ ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಎಫ್‌ಆರ್‌ಪಿ ದರ ಶೇ 10.25ರ ಸಕ್ಕರೆ ಇಳುವರಿಗೆ ಕಟ್ಟಿದೆ. ದುಡ್ಡು ಆ ಅಂಕಿಯ ಕೊರಳಿಗೆ ಬಿದ್ದದ್ದೇ ತಡ, ಇಳುವರಿ ಎಷ್ಟು ತೋರಿಸಿದರು, ತೂಕ ಎಷ್ಟು ತೋರಿಸಿದರು ಎಂಬ ಜಗಳ ಪ್ರತಿ ಹಂಗಾಮಿಗೂ. ಅದಕ್ಕೇ ರೈತ ಟ್ರ್ಯಾಕ್ಟರನ್ನು ಮೊದಲು ಹೊರಗಿನ ಕಾಟಾದ ಮೇಲೆ ಹತ್ತಿಸುತ್ತಾನೆ. ನಮ್ಮ ಮಾಸ್ತರರ ಕೊರಳಿಗೂ ಅಂಕಿ ಕಟ್ಟಿದ್ದು 2010ರಲ್ಲಿ, ಯುಜಿಸಿಯ ಎಪಿಐ ಅಂಕಗಳು ಬಂದಾಗ. ಬಡ್ತಿಗೆ ಪೇಪರು, ಪೇಪರಿಗೆ ಅಂಕ. ಆಮೇಲೆ ಖೊಟ್ಟಿ ಜರ್ನಲ್‌ಗಳ ಸಂತೆ ನೆರೆಯಿತು. ಅದನ್ನು ತಡೆಯಲು 2019ರಲ್ಲಿ ಒಪ್ಪಿತ ಜರ್ನಲ್‌ಗಳ ಕೇರ್ ಪಟ್ಟಿ ಬಂತು, 2025ರಲ್ಲಿ ಅದನ್ನೂ ಕೈಬಿಟ್ಟರು. ಪಿಎಚ್‌ಡಿ ಸಲ್ಲಿಸುವ ಮೊದಲು ಪೇಪರು ಅಚ್ಚಾಗಲೇಬೇಕು ಎಂಬ ಕಡ್ಡಾಯವನ್ನು 2022ರ ನವೆಂಬರಿನಲ್ಲಿ ತೆಗೆದರು. ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ವಾಪಸು ಪಡೆದ ಪೇಪರುಗಳಿಗೆ ಅಂಕ ಕಳೆಯುವುದು 2025ರಲ್ಲಿ ಶುರುವಾಯಿತು. ನೀತಿ ಹೀಗೆ ಹಿಂದೆ ಮುಂದೆ ಜೋಲಿ ಹೊಡೆಯುವಾಗ ನಿನ್ನ ಗೈಡಿನಂಥವರು ನಡುವೆ ಸಿಕ್ಕಿಕೊಂಡಿದ್ದಾರೆ. ಅವರನ್ನು ಕೆಟ್ಟವರು ಅಂತ ನಾನು ಬರೆಯುವುದಿಲ್ಲ. ಅವರ ಮೇಲೂ ಯಾರೋ ಒಬ್ಬರು ಕೂತು ಅಂಕಿ ಕೇಳುತ್ತಿರುತ್ತಾರೆ.

ನಾನೇನು ಗಂಜಿ ಹಚ್ಚದವನೇ? ಇದನ್ನು ನಿನ್ನ ಅಪ್ಪನಿಗೂ ಹೇಳಿಲ್ಲ. ನಮ್ಮ ಕಾಲೇಜಿಗೆ ನ್ಯಾಕ್ ತಂಡ ಬರುವ ವರ್ಷ, ಎಲ್ಲ ಅಧ್ಯಾಪಕರ ಗೂಗಲ್ ಸ್ಕಾಲರ್ ಪ್ರೊಫೈಲ್ ಮಾಡಿಕೊಡುವ ಕೆಲಸ ನನಗೆ ಬಿತ್ತು. ಗೂಗಲ್ಲಿಗೆ ನಮ್ಮ ಕಡೆಯ ಹೆಸರು ಎಲ್ಲಿ ತಿಳಿಯಬೇಕು? ಇನಿಶಿಯಲ್ಲಿನ ಎರಡು ಅಕ್ಷರ, ಮುಂದೆ ಪಾಟೀಲ. ಅಂಥ ಪಾಟೀಲರು ಕೊಲ್ಲಾಪುರದಿಂದ ಕಲಬುರಗಿವರೆಗೆ ಎಷ್ಟು ಮಂದಿಯೋ. ನಮ್ಮ ಕನ್ನಡ ವಿಭಾಗದ ಪಾಟೀಲರ ಖಾತೆಗೆ ಮೂತ್ರಪಿಂಡದ ಕಲ್ಲಿನ ಮೇಲೆ ಯಾರೋ ಡಾಕ್ಟರು ಬರೆದ ಪೇಪರು ಬಂದು ಕೂತಿತು, ಅದರ ಸೈಟೇಶನ್‌ಗಳ ಸಮೇತ. ಜನಪದ ಹಾಡು ಸಂಗ್ರಹಿಸಿದ ಮನುಷ್ಯ ರಾತ್ರೋರಾತ್ರಿ ವಿಭಾಗಕ್ಕೇ ದೊಡ್ಡ ಸಂಶೋಧಕನಾದ. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅಳಿಸುವುದು ಒಂದು ಕ್ಲಿಕ್ಕಿನ ಕೆಲಸ. "ಇರಲಿ ಬಿಡ್ರಿ, ಅವರೇನು ಒಳಗ ತೆಗೆದು ನೋಡತಾರ?" ಅಂದವನು ನಾನೇ. ಒಟ್ಟು ಮೊತ್ತವನ್ನು ಕೋಷ್ಟಕದಲ್ಲಿ ನನ್ನ ಕೈಯಾರೆ ತುಂಬಿದೆ. ಯಾರೂ ಒಳಗೆ ತೆಗೆದು ನೋಡಲಿಲ್ಲ. ನಾನು ನಿವೃತ್ತನಾಗುವವರೆಗೂ ಆ ಕಲ್ಲು ಅಲ್ಲೇ ಇತ್ತು.

ಈಗ ನಿನಗೆ ಬಂದ ಆ ಮೆಸೇಜಿನ ಮಾತು. ನೀವು ನಮ್ಮನ್ನು, ನಾವು ನಿಮ್ಮನ್ನು. ಇದಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ, ಮುಯ್ಯಿ. ನಿನ್ನ ಅಕ್ಕನ ಮದುವೆಯ ಮುಯ್ಯಿ ಪಟ್ಟಿ ಇನ್ನೂ ನನ್ನ ಟ್ರಂಕಿನಲ್ಲಿದೆ. ಯಾರು ನೂರಾ ಒಂದು ಬರೆಸಿದರು, ಯಾರು ಐನೂರಾ ಒಂದು, ಯಾರು ಸ್ಟೀಲಿನ ಕೊಡ ಕೊಟ್ಟರು, ಎಲ್ಲ ಅದರಲ್ಲಿದೆ. ಅವರ ಮನೆಯ ಕಾರ್ಯ ಬಂದಾಗ ಪಟ್ಟಿ ತೆಗೆದು ನೋಡಿ ಅಷ್ಟಕ್ಕೆ ಇನ್ನೊಂದಿಷ್ಟು ಸೇರಿಸಿ ಕೊಡುತ್ತೇವೆ. ಹೊಲದಲ್ಲೂ ಮುಯ್ಯಾಳು ಇದೆ. ಇಂದು ನಿನ್ನ ಹೊಲದ ಕಳೆ, ನಾಳೆ ನನ್ನದು. ಬಡವರು ಬದುಕುವ ದಾರಿ ಅದು, ಅದಕ್ಕೆ ನಾನು ಹೆಸರಿಡುವುದಿಲ್ಲ. ಆದರೆ ಆ ಪಟ್ಟಿ ಹಿಡಿದುಕೊಂಡು ಮದುಮಗಳು ಎಷ್ಟು ಗುಣವಂತೆ ಅಂತ ಯಾರಾದರೂ ಅಳೆದದ್ದು ಕೇಳಿದ್ದೀಯಾ? ಸೈಟೇಶನ್ ಗುಂಪಿನವರು ಮಾಡುವುದು ಅದನ್ನೇ. ಮುಯ್ಯಿ ಪಟ್ಟಿಗೆ ಮೆಚ್ಚುಗೆ ಪತ್ರ ಅಂತ ರಟ್ಟು ಹಾಕುತ್ತಾರೆ.

ಮೇಲೆ ಬೆಳಗಲಿಯ ಹೆಸರು ಬಂತಲ್ಲ, ಆ ಊರಿನ ಕವಿ ರನ್ನನನ್ನು ಬಿಟ್ಟು ಹೋಗಲಾರೆ. ಬಳೆಗಾರರ ಮನೆಯ ಹುಡುಗ. ಅವನ ಗದಾಯುದ್ಧ ಬೆಳೆದದ್ದೇ ಪಂಪನ ಭಾರತದ ಹದಿಮೂರನೆಯ ಆಶ್ವಾಸದ ಬೇರಿನಿಂದ ಅಂತ ನಮ್ಮ ವಿದ್ವಾಂಸರು ತೋರಿಸಿದ್ದಾರೆ. ಪಂಪನನ್ನು ಮೈಯೆಲ್ಲ ಓದಿಕೊಂಡವನಿಗೆ ಮಾತ್ರ ಸಾಧ್ಯವಾಗುವ ಕೆಲಸ ಅದು. ಆತ್ಮಪ್ರಶಂಸೆಯಲ್ಲಿ ಅವನನ್ನು ಮೀರಿಸುವವರಿಲ್ಲ ಬಿಡು, ಇವತ್ತಿನ ಸೆಲ್ಫ್-ಸೈಟೇಶನ್‌ನವರು ಅವನ ಮುಂದೆ ಮಕ್ಕಳು. ಆದರೆ ಜಂಬ ಕೊಚ್ಚಿಕೊಂಡ ಬಾಯಿಯಿಂದಲೇ, ತನ್ನ ಕೃತಿಯನ್ನು ಪರೀಕ್ಷೆ ಮಾಡುವ ಧೈರ್ಯ ಯಾರಿಗಿದೆ ಅಂತಲೂ ಕೇಳಿದ. ಒಳಗೆ ತೆಗೆದು ನೋಡಿ ಅಂದವನು ಅವನು. ಯಾರೂ ತೆಗೆದು ನೋಡುವುದಿಲ್ಲ ಅಂದವನು ನಾನು.

ರನ್ನನಿಗೆ ಆಶ್ರಯ ಕೊಟ್ಟು 993ರಲ್ಲಿ ಅಜಿತಪುರಾಣ ಬರೆಸಿದ ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು. ತಾಳೆಗರಿಯ ಕಾಲದಲ್ಲಿ ಸಾವಿರ! ಬೇರೆಯವರ ಪುಸ್ತಕ ಜನರ ಕೈಗೆ ಹೋಗಲಿ ಅಂತ ಖರ್ಚು ಮಾಡಿದ ಅಂಕಿ ಅದು, ಸಾವಿರ ವರ್ಷವಾದರೂ ನೆನಪಿದೆ. ನಮ್ಮ ಪಕ್ಕದ ವಿಜಯಪುರದ ಫ. ಗು. ಹಳಕಟ್ಟಿಯವರನ್ನು ನೋಡು. ಊರೂರು ತಿರುಗಿ ವಚನದ ಕಟ್ಟು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರ ತಂದರು, ಹಿತಚಿಂತಕ ಎಂಬ ಸ್ವಂತ ಪ್ರೆಸ್ಸು ನಡೆಸಿದರು. ಅವರ ಎಚ್-ಇಂಡೆಕ್ಸ್ ಕೇಳಿದರೆ ಸ್ಕೋಪಸ್ ಬಾಯಿ ಬಿಡುವುದಿಲ್ಲ. ಕನ್ನಡದಲ್ಲಿ ಬರೆದ ಸಂಶೋಧನೆ ಆ ಲೆಕ್ಕದೊಳಗೆ ಬರುವುದೇ ಅಪರೂಪ.

ಆದ್ದರಿಂದ ಬಸ್ ಸ್ಟ್ಯಾಂಡಿನ ಫ್ಲೆಕ್ಸ್‌ಗಳಲ್ಲಿ "ಜಗತ್ತಿನ ಶೇ 2ರ ಶ್ರೇಷ್ಠ ವಿಜ್ಞಾನಿ" ಅಂತ ಹಾರ ಹಾಕಿದ ಫೋಟೊ ಕಂಡಾಗ ಎದೆಗೆ ಹಚ್ಚಿಕೊಳ್ಳಬೇಡ, ಹಗುರವಾಗಿಯೂ ಮಾತಾಡಬೇಡ. ಅದೇ ಅಯೊನಿಡಿಸ್ ತಂಡದ ಪಟ್ಟಿ ಅದು. ಅದರೊಳಗೆ ಸ್ವಂತ ಸೈಟೇಶನ್ ಶೇಕಡಾ ಎಷ್ಟು ಎಂಬ ಕಾಲಂ ಕೂಡ ಇದೆ. ಆ ಕಾಲಂ ಇದುವರೆಗೆ ಯಾವ ಫ್ಲೆಕ್ಸಿನ ಮೇಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಹೊರಗಿನ ಕಾಟಾ ಈಗ ಇಲ್ಲೂ ಬಂದಿದೆ, ಮಗಳ. ಹೆಚ್ಚು ಉಲ್ಲೇಖಗೊಂಡ ಸಂಶೋಧಕರ ಪಟ್ಟಿ ಮಾಡುವ ಕ್ಲಾರಿವೇಟ್ ಕಂಪನಿ 2024ರಲ್ಲಿ ಅನುಮಾನ ಬಂದ 2,000ಕ್ಕೂ ಹೆಚ್ಚು ಹೆಸರು ಕೈಬಿಟ್ಟಿತು. ಒಗೆತ ಶುರುವಾಗಿದೆ.

ಇನ್ನು ನೀನು ಮಾಡಬೇಕಾದ್ದು. ಆ ಎಂಟೂ ಪೇಪರನ್ನು ಮೊದಲು ಓದು. ಸಿಟ್ಟಿನಿಂದ ಓದಬೇಡ. ನಿನ್ನ ಸರ್ ಇಪ್ಪತ್ತು ವರ್ಷ ಮಣ್ಣು ಅಗೆದವರು, ಒಂದೋ ಎರಡೋ ನಿನಗೆ ನಿಜವಾಗಿ ಬೇಕಾದವೇ ಇರಬಹುದು. ಅವನ್ನು ಹಾಕು, ಯಾವ ಸಾಲಿಗೆ ಬೇಕೋ ಆ ಸಾಲಿನ ಪಕ್ಕದಲ್ಲೇ ಹಾಕು. ಉಳಿದವುಗಳ ಬಗ್ಗೆ ಅವರ ಮುಂದೆ ಕೂತು, "ಸರ್, ಇವು ನನ್ನ ಯಾವ ವಾಕ್ಯಕ್ಕೆ ಹೊಂದುತ್ತವೆ ತೋರಿಸಿಕೊಡ್ರಿ" ಅಂತ ಕೇಳು. ತಲೆ ತಗ್ಗಿಸಿಯೇ ಕೇಳು, ಆದರೆ ಕೇಳು. ತೋರಿಸಿದರೆ ನೀನು ಕಲಿತೆ. ತೋರಿಸದಿದ್ದರೆ ಅವರಿಗೂ ಅರ್ಥವಾಗುತ್ತದೆ. ಮುಂದೆ ಯಾವನಾದರೂ ಪರಿಶೀಲಕ ತನ್ನ ಪೇಪರು ಸೇರಿಸಿದರೇ ಒಪ್ಪುತ್ತೇನೆ ಅಂತ ಬರೆದರೆ, ಅವನ ಜೊತೆ ವಾದ ಬೇಡ, ನೇರ ಸಂಪಾದಕರಿಗೆ ಎರಡು ಸಾಲು ಬರೆ. ಆ ಗುಂಪಿನಿಂದ ಇವತ್ತೇ ಹೊರಗೆ ಬಾ. ಪಿಎಚ್‌ಡಿ ಕೋರ್ಸ್‌ವರ್ಕಿನಲ್ಲಿ ಸಂಶೋಧನಾ ನೀತಿಯ ಪಾಠ ನಿಮಗೆ ಕಡ್ಡಾಯವಲ್ಲವೇ, ಅದರ ನೋಟ್ಸ್ ಇನ್ನೊಮ್ಮೆ ತೆಗೆದು ನೋಡು. ಪರೀಕ್ಷೆಗೆ ಓದಿದ್ದು ಪರೀಕ್ಷೆಗೇ ಮುಗಿದಿರುತ್ತದೆ, ನನಗೆ ಗೊತ್ತು.

ಇದರಿಂದ ನಿನಗೆ ಆರು ತಿಂಗಳು ತಡವಾಗಬಹುದು. ಸರ್ ನಾಲ್ಕು ದಿನ ಮುಖ ತಿರುಗಿಸಬಹುದು. ಹಾಗಾಗುವುದಿಲ್ಲ ಅಂತ ನಿನಗೆ ಸುಳ್ಳು ಧೈರ್ಯ ಹೇಳಲಾರೆ. ಆದರೆ ಮೇಲೆ "ಸಾಕ್ಷಿ" ಅಂದೆನಲ್ಲ, ಅದು ಇಲ್ಲಿಗೆ ಬರುತ್ತದೆ. ಪೇಪರಿನ ಕೊನೆಯ ಪುಟದಲ್ಲಿ ಒಂದು ಹೆಸರು ಬರೆದರೆ, ನಾನು ಇದನ್ನು ಓದಿದ್ದೇನೆ, ಇದು ನನಗೆ ಬೇಕಾಯಿತು ಅಂತ ನೀನು ಪ್ರಮಾಣ ಮಾಡಿದ ಹಾಗೆ. ನೋಡದ ಕೊಲೆಗೆ ಸಾಕ್ಷಿ ಹೇಳು ಅಂದರೆ ನೀನು ಕಟಕಟೆ ಹತ್ತುತ್ತಿದ್ದೆಯಾ?

ಇಲ್ಲಿ ಜಮಖಂಡಿಗೇ ಈಗ ಬಾಗಲಕೋಟೆ ವಿಶ್ವವಿದ್ಯಾಲಯ ಬಂದಿದೆ. ನೀನು ಓದು ಮುಗಿಸಿ ಈ ಕಡೆಗೆ ಬರುತ್ತೀಯೋ ಇಲ್ಲವೋ, ಅದು ನಿನ್ನಿಷ್ಟ. ದೀಪಾವಳಿಗೆ ಮಾತ್ರ ತಪ್ಪದೆ ಬಾ. ಬರುವಾಗ ಮಣ್ಣು ಪರೀಕ್ಷೆಯ ಡಬ್ಬಿ ತಗೊಂಡು ಬಾ, ನಿನ್ನ ಮಾಮಾ ಕೆಳಗಿನ ಪಟ್ಟಿಯನ್ನು ಹರಗದೆ ಹಾಗೇ ಬಿಟ್ಟಿದ್ದಾನೆ. ಆ ಎಂಟು ಪೇಪರು ನನಗೂ ಕಳಿಸು. ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಸಣ್ಣ ಅಕ್ಷರ ಚೆನ್ನಾಗಿ ಕಾಣುತ್ತಿದೆ.

ನಿನ್ನ ದೊಡ್ಡಪ್ಪ